ಏಪ್ರಿಲಿಗೆಂದು ಬಿಟ್ಟ ಮೆಟ್ಟಿಲು

ಕಂಪನಿ ಕೊಟ್ಟದ್ದು ನಾಲ್ಕು ಪಾಯಿಂಟ್ ಮೂರು.
ಐದು ಪಾಯಿಂಟ್ ಎರಡಕ್ಕೂ ಎದ್ದು ಕೂತಿತು
ಮತ್ತಿಕೆರೆಯ ಈ ಮಹಡಿ ಮೇಲಿನ ಶೀಟು ರೂಮಿನಲ್ಲಿ,
ರಾತ್ರಿ ಹನ್ನೊಂದೂಕಾಲಿಗೆ.
ಮೊಬೈಲಿನಲ್ಲಿ ಪರದೆಯ ಚಿತ್ರ ಹಿಡಿದು
ಎಸ್.ಪಿ. ರೋಡಿನ ಮುನೀರನಿಗೆ ಕಳಿಸಿದೆ,
ಮಗನ ಮಾರ್ಕ್ಸ್‌ಕಾರ್ಡ್ ಕಳಿಸುವವರ ಹಾಗೆ.
ಅವನದು ಒಂದೇ ಸಾಲು: ಎದ್ದದ್ದು ಗೊತ್ತಾಯಿತು, ನಿಂತಿತಾ?

ನಿಲ್ಲಲಿಲ್ಲ.
ಪರೀಕ್ಷೆಗೆ ಹಚ್ಚಿದ ನಾಲ್ಕನೇ ನಿಮಿಷ ನೀಲಿ ಪರದೆ.
ಫ್ಯಾನು ಸುಮ್ಮನಾದ ಮೇಲೆ ಕೇಳಿಸಿತು,
ಪಕ್ಕದವರು ಅಷ್ಟು ಹೊತ್ತಿನಿಂದ ದೋಸೆಗೆ ರುಬ್ಬುತ್ತಿದ್ದರು.

ಐದು ಪಾಯಿಂಟ್ ಒಂದು. ವೋಲ್ಟೇಜು ಇನ್ನೊಂದು ಚಿಟಿಕೆ.
ತೊಂಬತ್ತೇಳು ಡಿಗ್ರಿ. ಕೇಸಿನ ಬೆನ್ನಿಗೆ ಅಂಗೈ ಒಡ್ಡಿ
ಬಿಸಿಗಾಳಿಗೆ ಹಿಂದೆಗೆದೆ.
ಹೆಚ್ಚಿಗೆ ಎರೆದ ವೋಲ್ಟೇಜನ್ನು ನಾಳೆ ತಗ್ಗಿಸಬಹುದು;
ಸಿಲಿಕಾನು ಅದನ್ನು ಲೆಕ್ಕಕ್ಕೆ ಬರೆದುಕೊಂಡಿರುತ್ತದೆ.

ಐದಕ್ಕೆ ಇಳಿದೆ. ಒಂದು ಗಂಟೆ ನಿಂತಿತು. ಸಾಕೆಂದುಕೊಂಡು
ಮಾಲೂರಿನ ಮದುವೆಯನ್ನು ಅದರ ಕೈಗೆ ಕೊಟ್ಟೆ,
ಮೂರು ಗಂಟೆ ಇಪ್ಪತ್ತು ನಿಮಿಷದ ವಿಡಿಯೊ, ಬೆಳಗಾಗುವುದರೊಳಗೆ ಸಿದ್ಧ.
ವಾರದ ಮೇಲೆ ವಧುವಿನ ತಮ್ಮ ಫೋನು ಮಾಡಿದ:
ಧಾರೆ ಎರೆಯುವಾಗ ಅಕ್ಕನ ಮುಖ ಅರ್ಧ ಹಸಿರು.
ಒಂದೇ ಫ್ರೇಮು. ಸೆಕೆಂಡಿನ ಇಪ್ಪತ್ತೈದನೇ ಪಾಲು.
ಹಿಂದೆ ನಿಂತು ಅಜ್ಜಿ ಅಳುವುದನ್ನು ನೋಡಲೆಂದು
ಅಲ್ಲೇ ನಿಲ್ಲಿಸಿದ್ದನಂತೆ.

ಯಂತ್ರ ಬಿದ್ದಿರಲಿಲ್ಲ. ತೊದಲಿರಲಿಲ್ಲ.
ಇಡೀ ರಾತ್ರಿ ಕೂಡಿ ಕಳೆದು ಎಲ್ಲೋ ಒಂದು ಕಡೆ ತಪ್ಪಿ
ಏನೂ ಆಗದವರ ಮುಖ ಮಾಡಿ ಮುಂದೆ ಹೋಗಿತ್ತು.
ನೀಲಿ ಪರದೆಯೇ ವಾಸಿ ಅನ್ನಿಸಿತು,
ಬಿದ್ದೆ ಅಂತಾದರೂ ಹೇಳುತ್ತದೆ.

ಕರೆಂಟ್ ಬಿಲ್ಲು ಹಿಡಿದು ಇಂದ್ರಾಣಿಯಮ್ಮ ಮೇಲೆ ಬಂದರು.
ಮನೆ ಓನರು. ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ
ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ತಿದ್ದಿದ ಕೈ.
ಯೂನಿಟ್ಟು ಯಾಕೆ ಏರಿತೆಂದು ವಿವರಿಸಬೇಕಾಯಿತು:
ಇದರೊಳಗೂ ಒಂದು ಗಡಿಯಾರ ಇದೆ, ಅದನ್ನು ಬೇಗ ಓಡಿಸುತ್ತಿದ್ದೇನೆ.
"ಮುಂದೋಡೋ ವಾಚನ್ನ ನಾವು ವಾಪಸ್ ಕಳಿಸ್ತಿದ್ವಿ ಕಣೇ,
ನೀನು ಅದಕ್ಕೇ ದುಡ್ಡು ಸುರೀತಿದ್ದೀಯ."
ಕೂತರು. ಬಿಲ್ಲು ಮಡಚಿ ಗಾಳಿ ಬೀಸಿಕೊಂಡರು.
"ಟೇಬಲ್ ಮೇಲೆ ಸರಿಯಾಗಿ ನಡೆಯೋದು ಯಾವ ದೊಡ್ಡಸ್ತಿಕೆ?
ಮಗುಚಿ ಇಡ್ತಿದ್ವಿ, ಓರೆ ಇಡ್ತಿದ್ವಿ, ಕಾವಿನ ಪೆಟ್ಟಿಗೇಲಿ ಇಡ್ತಿದ್ವಿ.
ಬೆವರೋ ಕೈಲಿ, ಬಸ್ಸಿನ ಕಂಬಿ ಹಿಡಿದ ಕೈಲಿ ನಡೀಬೇಕು ಅದು."

ಆ ಮಧ್ಯಾಹ್ನವೇ ಕಿಟಕಿ ಮುಚ್ಚಿದೆ. ತಲೆ ಮೇಲೆ ಕಾದ ಶೀಟು,
ಮೇಜಿನಡಿ ಪರೀಕ್ಷೆ, ನಡುವೆ ಒದ್ದೆ ಟವೆಲು ಹೊದ್ದ ನಾನು.
ನಾಲ್ಕು ಪಾಯಿಂಟ್ ಒಂಬತ್ತು.
ಎರಡಕ್ಕೆ ನಿಂತಿತ್ತು, ಆರಕ್ಕೆ ನಿಂತಿತ್ತು,
ಹಾಲಿನ ಪ್ಯಾಕೆಟ್ಟು ಬಂದಾಗ, ಮರುದಿನದ ಪ್ಯಾಕೆಟ್ಟು ಬಂದಾಗಲೂ.
ತಪ್ಪು ಲೆಕ್ಕ: ಸೊನ್ನೆ.

ನಿಂತ ಮೆಟ್ಟಿಲಲ್ಲಿ ಕೂರಲಿಲ್ಲ.
ಇನ್ನೊಂದು ಇಳಿದು, ನಾಲ್ಕು ಪಾಯಿಂಟ್ ಎಂಟರಲ್ಲಿ
ಚಾಪೆ ಹಾಸಿದೆ.
ನೂರು ಮೆಗಾಹರ್ಟ್ಸ್ ಸುಮ್ಮನೆ ಬಿಟ್ಟೆಯಾ, ಮುನೀರ್ ನಕ್ಕ.
ಬಿಟ್ಟೆ. ಅದು ಏಪ್ರಿಲಿಗೆ.
ರಸ್ತೆ ಅಗೆದಾಗೆಲ್ಲ ಜಾಲರಿಗೆ ಮೆತ್ತುವ ಧೂಳಿಗೆ,
ಸಂಜೆ ಏಳಕ್ಕೆ ಮಂಕಾಗುವ ಲೈನಿಗೆ,
ಯಾರದೋ ಅಜ್ಜಿ ಅಳುವ ಆ ಒಂದು ಫ್ರೇಮಿಗೆ.

ಬಾಡಿಗೆ ಕೊಡಲು ಕೆಳಗೆ ಹೋದಾಗ ನೋಡಿದೆ,
ಇಂದ್ರಾಣಿಯಮ್ಮನ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ.
ನಾನು ಬಾಯಿ ತೆರೆಯುವ ಮೊದಲೇ
ನೋಟು ಎಣಿಸುತ್ತ ಅಂದರು:
"ಮುಂದೆ ಇದೆ ಅಷ್ಟೇ. ಓಡ್ತಿಲ್ಲ."